ಡುನ್‌ಹುವಾಂಗಿನ ಗೋಡೆಯ ಚಕ್ಕೆ

ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ರಾಮಲಿಂಗ ಮೂರು ಸಲ ಫೋನ್ ಮಾಡಿದ. ನಾವಿಬ್ಬರೂ ರಾಮನಗರದ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ನಮಗೆ ಇತಿಹಾಸ ಹೇಳಿಕೊಟ್ಟ ಮೇಷ್ಟ್ರು ತೀರಿಕೊಂಡು ಆಗ ಹದಿನೈದು ದಿನವಾಗಿತ್ತು.

“ನೀನೇ ಬರೀಬೇಕು ಕಣಯ್ಯ. ಅವ್ರ ಕೈಯಲ್ಲಿ ಪಳಗಿದೋನು. ಅವ್ರ ಜೊತೆ ಚೀನಾಕ್ಕೆ ಬೇರೆ ಹೋಗಿ ಬಂದಿದ್ದೀಯ. ನಾಲ್ಕು ಪುಟ ಒಳ್ಳೇ ಮಾತು ಬರಿ, ಸಾಕು.”

“ನಾಲ್ಕು ಪುಟಕ್ಕಾಗೋವಷ್ಟು ಇಲ್ವಲ್ಲೋ” ಎಂದೆ.

“ಸತ್ತೋರ ಮೇಲೆ ನಿಜ ಬರೆಯೋಕೆ ಹೋಗ್ತಾರೇನ್ಲಾ ಯಾರಾದ್ರೂ?” ಎಂದು ನಕ್ಕ.

ಆಮೇಲೆ ಶ್ರದ್ಧಾಂಜಲಿ ಸಭೆ ನಡೆಯಿತು. ಅಲ್ಲಿ ನಡೆದದ್ದನ್ನು ನೋಡಿದ ಮೇಲೆ ರಾಮಲಿಂಗ ಲೇಖನದ ಸುದ್ದಿಯೇ ಎತ್ತಲಿಲ್ಲ. ಆದರೂ ಬರೆಯುತ್ತಿದ್ದೇನೆ. ಮೇಷ್ಟ್ರ ಹೆಸರು ಮಾತ್ರ ಬರೆಯುವುದಿಲ್ಲ. ಊರಿನವರಿಗೆ ಗೊತ್ತಿದೆ. ಗೊತ್ತಿಲ್ಲದವರಿಗೆ ಆ ಹೆಸರು ಕಟ್ಟಿಕೊಂಡು ಆಗಬೇಕಾದ್ದೇನೂ ಇಲ್ಲ.

ಎತ್ತರದ ಆಳು. ಚನ್ನಪಟ್ಟಣದಿಂದ ದಿನಾ ರೈಲಿನಲ್ಲಿ ಬರುತ್ತಿದ್ದರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಎಡಗೈಯಲ್ಲಿ ನಾಲ್ಕು ಮಡಿಕೆಯ ಬಿಳಿ ಕರ್ಚೀಫು, ಅದಕ್ಕೆ ಎರಡು ತೊಟ್ಟು ಸೆಂಟು. ಸ್ಟೇಷನ್ನಿನಲ್ಲಿ ಇಳಿದಾಗ ಮೂಗಿಗೆ ಹೋದ ಕರ್ಚೀಫು ಸ್ಟಾಫ್ ರೂಮಿನ ಬಾಗಿಲು ಮುಚ್ಚುವವರೆಗೂ ಕೆಳಗಿಳಿಯುತ್ತಿರಲಿಲ್ಲ. ನಮ್ಮೂರಿನ ವಾಸನೆ ಅಂಥದ್ದು, ಒಪ್ಪುತ್ತೇನೆ. ರೇಷ್ಮೆಗೂಡನ್ನು ಕುದಿಯುವ ನೀರಿಗೆ ಹಾಕಿ ಎಳೆ ತೆಗೆದ ಮೇಲೆ ಒಳಗಿನ ಹುಳು ಬೆಂದು ಉಳಿಯುತ್ತದೆ. ಅದನ್ನು ಬಾಣಲೆಯಲ್ಲಿ ಹೊತ್ತು ಹೊರಗೆ ರಾಶಿ ಹಾಕುತ್ತಾರೆ. ಆ ನಾತ ಬಟ್ಟೆಗೆ, ಕೂದಲಿಗೆ, ಅನ್ನಕ್ಕೆ, ಪುಸ್ತಕದ ಹಾಳೆಗೂ ಹತ್ತುತ್ತದೆ. ನಮ್ಮವ್ವ ಮಾಗಡಿ ಕಡೆಯ ಕಲ್ಯದಿಂದ ಮದುವೆಯಾಗಿ ಬಂದವಳು, ಮೂವತ್ತು ವರ್ಷ ಬಿಸಿನೀರಿನ ಬೇಸಿನ್ ಮುಂದೆ ಕೂತು ಎಳೆ ತೆಗೆದವಳು. ಅಪ್ಪ ಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ. ನಮ್ಮ ವಂಶದಲ್ಲಿ ಬಿ.ಎ. ಮುಗಿಸಿದವನು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ಬಿಟ್ಟಿ ಕೊಟ್ಟದ್ದಲ್ಲ ಅದು.

ಮೊದಲನೇ ದಿನ ಕ್ಲಾಸಿಗೆ ಬಂದವರು ಹಾಜರಿಯನ್ನೂ ತೆಗೆದುಕೊಳ್ಳಲಿಲ್ಲ. ಬೆಂಚುಗಳ ನಡುವೆ ನಡೆದು ಬಂದು ನನ್ನ ಪಕ್ಕ ನಿಂತರು. ಕರ್ಚೀಫು ಮೇಲೆ ಹೋಯಿತು.

“ಯಾರ ಯಾರ ಮನೆಯಲ್ಲಿ ರೇಷ್ಮೆ ಕೆಲಸ? ಕೈ ಎತ್ತಿ.”

ನಾವು ಐದು ಜನ ಎತ್ತಿದೆವು.

“ನೀವೆಲ್ಲ ಕೊನೆಯ ಬೆಂಚು. ಕಿಟಕಿಯ ಕಡೆ. ಕಿಟಕಿ ತೆಗೆದಿರಲಿ.”

ಕ್ಲಾಸು ನಕ್ಕಿತು. ಪುಸ್ತಕ ಎತ್ತಿಕೊಂಡು ಹಿಂದಕ್ಕೆ ಹೋದೆವು. ಅದಾದ ಐದು ನಿಮಿಷಕ್ಕೆ ಅವರು ಪಾಠ ಶುರು ಮಾಡಿದರು, ಮತ್ತು ನಾನು ಆ ಅವಮಾನವನ್ನು ಮರೆತೆ. ಇವತ್ತಿಗೂ ನನಗೆ ನನ್ನ ಮೇಲೆ ಹೇಸಿಗೆ ಹುಟ್ಟಿಸುವ ಸಂಗತಿಗಳಲ್ಲಿ ಇದೂ ಒಂದು: ಅಷ್ಟು ಬೇಗ ಮರೆತದ್ದು. ಯಾಕೆಂದರೆ ಆ ಮನುಷ್ಯ ಮಾತಾಡಿದರೆ ಕೇಳಬೇಕು. ಅವತ್ತು ಹೇಳಿದ್ದು ರೇಷ್ಮೆಯ ದಾರಿಯ ಕಥೆ. ಒಂಟೆಗಳ ಸಾಲು, ಕೊರಳ ಗಂಟೆಯ ಸದ್ದು, ತಿಂಗಳುಗಟ್ಟಲೆ ಬರೀ ಮರಳು. ಆ ಮರಳುಗಾಡಿನ ಅಂಚಿನಲ್ಲಿ ಹಳೆಯ ಚೀನಾದ ಗಡಿಯ ಊರು ಡುನ್‌ಹುವಾಂಗ್. ಅದನ್ನು ದಾಟಿ ಹೋದವನು ತಿರುಗಿ ಬರುತ್ತಾನೆಂಬ ಖಾತ್ರಿಯಿಲ್ಲ. ಅದಕ್ಕೇ ವ್ಯಾಪಾರಿಗಳು ಬೆಟ್ಟದ ಮೈಯಲ್ಲಿ ಗುಹೆ ಕೊರೆಸಿ, ಗೋಡೆಯ ತುಂಬ ಬುದ್ಧನ ಚಿತ್ರ ಬರೆಸಿ, ಕಾಪಾಡಪ್ಪಾ ಎಂದು ಕೈಮುಗಿದು ಹೊರಡುತ್ತಿದ್ದರಂತೆ.

“ಅವರು ಹೊತ್ತದ್ದು ಏನನ್ನು? ರೇಷ್ಮೆಯನ್ನು. ನಿಮ್ಮ ಮನೆಯಲ್ಲಿ ತೆಗೆಯುತ್ತಾರಲ್ಲ, ಅದೇ ಎಳೆ” ಎಂದು ನಮ್ಮ ಬೆಂಚಿನ ಕಡೆ ಬೆರಳು ತೋರಿಸಿದರು. ನನಗೆ ಮೈ ಜುಂ ಎಂದಿತು. ಅವ್ವನ ಕೈಯಿಂದ ಆ ಊರಿನವರೆಗೆ ಒಂದು ಎಳೆ ಹೋಗಿದೆ ಎಂದು ಯಾರೂ ನನಗೆ ಹೇಳಿರಲಿಲ್ಲ.

ನನ್ನ ಇಂಗ್ಲಿಷನ್ನು ತಿದ್ದಿದವರೂ ಅವರೇ. ಸಂಜೆ ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿಸುತ್ತಿದ್ದರು. ಅವರು ಒಳಗೆ ಫ್ಯಾನಿನ ಕೆಳಗೆ, ನಾನು ಹೊಸ್ತಿಲ ಹೊರಗೆ. ಎರಡು ವರ್ಷ ಆ ಹೊಸ್ತಿಲು ದಾಟಿಸಲಿಲ್ಲ. ಪುಸ್ತಕವನ್ನು ಕೈಗೆ ಕೊಡುತ್ತಿರಲಿಲ್ಲ. ಬಾಗಿಲಿಗೆ ತಾಗಿದ ಮೇಜಿನ ತುದಿಯಲ್ಲಿ ಇಡುತ್ತಿದ್ದರು, ನಾನು ತೆಗೆದುಕೊಳ್ಳಬೇಕು. ವಾಪಸು ತಂದದ್ದನ್ನು ಜವಾನ ಕಿಟಕಿಯಲ್ಲಿ ಎರಡು ದಿನ ಬಿಸಿಲಿಗೆ ಹರಡುತ್ತಿದ್ದ. ಬಿ.ಎ. ಪಾಸಾದಾಗ ಅವ್ವ ಒಂದು ಚಿಪ್ಪು ಬಾಳೆಹಣ್ಣು ತೆಗೆದುಕೊಂಡು ಅವರನ್ನು ನೋಡಲು ಹೋದಳು. ನಿಮ್ಮ ಮಗ ಚಿನ್ನ ಎಂದರಂತೆ, ಕರ್ಚೀಫಿನ ಒಳಗಿನಿಂದ. ಅವ್ವ ಮನೆಗೆ ಬಂದು ಹೇಳಿದಳು:

“ಒಳ್ಳೇರು ಕಣ್ಲಾ. ಪಾಪ, ಅವ್ರಿಗೆ ಯಾವಾಗ್ಲೂ ನೆಗ್ಡಿ. ಒಸಿ ಮೆಣಸಿನ ಕಷಾಯ ಕುಡೀರಿ ಸೋಮಿ ಅಂತ ಯೋಳ್ಬುಟ್ಟು ಬಂದಿವ್ನಿ.”

ಅವ್ವ ಪೆದ್ದಿಯಲ್ಲ. ಅದು ಕನಿಕರವೋ ಕುಟುಕೋ ನನಗೆ ಗೊತ್ತಾಗಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ.

ಇನ್ನೊಂದನ್ನು ಹೇಳಬೇಕು. ನಮ್ಮನ್ನು ಒಮ್ಮೆ ಸಾವನದುರ್ಗಕ್ಕೆ ಕರೆದುಕೊಂಡು ಹೋಗಿದ್ದರು. ಗುಡಿಯ ಕಂಬದ ಮೇಲೆ ರಾಮಲಿಂಗ ಇದ್ದಿಲಿನಿಂದ ತನ್ನ ಹೆಸರು ಗೀಚುತ್ತಿದ್ದ. ಮೇಷ್ಟ್ರು ಹಿಂದಿನಿಂದ ಬಂದು ಕೆನ್ನೆಗೆ ಬಾರಿಸಿದರು. ಅವನ ಟವೆಲನ್ನೇ ನೆನೆಸಿ ಕಂಬ ಒರೆಸಿಸಿದರು. “ಇತಿಹಾಸವನ್ನು ನೋಡಬೇಕು, ಮುಟ್ಟಬಾರದು. ಮುಟ್ಟುವವನು ಮೃಗ” ಎಂದರು. ನಾವೆಲ್ಲ ತಲೆತಗ್ಗಿಸಿ ನಿಂತೆವು. ನಾನು ಆ ಮಾತನ್ನು ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಬರೆದುಕೊಂಡೆ.

ನನಗೆ ರೇಷ್ಮೆ ಇಲಾಖೆಯಲ್ಲೇ ಕೆಲಸವಾಯಿತು. ನಿವೃತ್ತಿಗೆ ಇನ್ನೇನು ಸ್ವಲ್ಪ ದಿನವಿದೆ ಎನ್ನುವಾಗ ನಮ್ಮೂರಿನ ರೀಲರುಗಳು ಹನ್ನೆರಡು ಜನ, ಅಂದರೆ ಗೂಡಿನಿಂದ ನೂಲು ತೆಗೆಸುವ ಕಸುಬಿನವರು, ಚೀನಾದ ಹೊಸ ಯಂತ್ರಗಳನ್ನು ನೋಡಿಬರಲು ಹೊರಟರು. ಇಂಗ್ಲಿಷ್ ಬಲ್ಲವನೆಂದು ನನ್ನನ್ನೂ ಕರೆದರು. ನಾನು ಮೇಷ್ಟ್ರ ಹೆಸರು ಹೇಳಿದೆ. ಅವರಿಗಾಗಲೇ ಎಪ್ಪತ್ತು ದಾಟಿತ್ತು. ಜೀವಮಾನವಿಡೀ ಆ ಊರಿನ ಪಾಠ ಮಾಡಿದವರು, ಒಮ್ಮೆ ಕಣ್ಣಾರೆ ನೋಡಲಿ ಎಂಬ ಆಸೆ ನನ್ನದು. ಯಂತ್ರ ನೋಡಿದ ಮೇಲೆ ಎರಡು ದಿನ ಡುನ್‌ಹುವಾಂಗ್ ಎಂದು ತೀರ್ಮಾನವಾಯಿತು. ಮೇಷ್ಟ್ರು ಒಂದೇ ಮಾತಿಗೆ ಒಪ್ಪಿದರು. ಬೆನ್ನು ತಟ್ಟಿದರು. ಮೊದಲ ಸಲ.

ಹೊರಟ ರೀಲರುಗಳಲ್ಲಿ ಖಾದರ್ ಮಾಮ ಒಬ್ಬ. ಅವರಪ್ಪನ ನೂಲು ತೆಗೆಯುವ ಘಟಕದಲ್ಲೇ ಅವ್ವ ಕೆಲಸಕ್ಕಿದ್ದದ್ದು. ಚಿಕ್ಕಂದಿನಲ್ಲೇ ಅವನನ್ನೂ ಬೇಸಿನ್ ಮುಂದೆ ಕೂರಿಸಿ, ಕುದಿಯುವ ನೀರಿನಲ್ಲಿ ಎಳೆಯ ತುದಿ ಹುಡುಕುವುದನ್ನು ಅವ್ವನೇ ಕಲಿಸಿದ್ದಳು. ಅವಳನ್ನು ಅಕ್ಕ ಎನ್ನುತ್ತಿದ್ದ. ಹಾಗಾಗಿ ಅವನು ನನಗೆ ಮಾಮ, ನಾನು ಅವನಿಗೆ ಅಳಿಯ. ಐವತ್ತು ವರ್ಷ ಬಿಸಿನೀರಿನಲ್ಲಿ ಇದ್ದದ್ದಕ್ಕೆ ಅವನ ಬೆರಳ ತುದಿಗಳು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ ಸುಕ್ಕುಗಟ್ಟಿದ್ದವು. ಆದರೆ ಆ ಬೆರಳಿಗೆ ಊರಿನಲ್ಲಿ ಬೆಲೆಯಿತ್ತು. ನೂಲಿನ ಗುಣದ ಬಗ್ಗೆ ಕೊಂಡವನಿಗೂ ಮಾರಿದವನಿಗೂ ಜಗಳ ಹತ್ತಿದರೆ ಇಬ್ಬರೂ ಖಾದರ್ ಮಾಮನ ಬಳಿ ಬರುತ್ತಿದ್ದರು. ಅವನು ಕಣ್ಣು ಮುಚ್ಚಿ ಎಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ಒಂದು ಮಾತು ಹೇಳುತ್ತಿದ್ದ. ಜಗಳ ಅಲ್ಲಿಗೆ ಮುಗಿಯಿತು. ಅವನ ಇಡೀ ಮರ್ಯಾದೆ ಆ ಎರಡು ಬೆರಳಿನಲ್ಲಿತ್ತು.

ಡುನ್‌ಹುವಾಂಗಿಗೆ ಬೆಳಗಿನ ರೈಲಿನಲ್ಲಿ ಇಳಿದೆವು. ತುಟಿ ಒಡೆಯುವಷ್ಟು ಒಣ ಗಾಳಿ. ನೆಟ್ಟಗೆ ನಿಂತ ಪಾಪ್ಲರ್ ಮರಗಳ ಸಾಲು ಮುಗಿದ ಕಡೆಯಿಂದಲೇ ಮರಳಿನ ಗುಡ್ಡ ಶುರು. ಜನ ಬೂಟಿನ ಮೇಲೆ ಕಿತ್ತಳೆ ಬಣ್ಣದ ಚೀಲ ಕಟ್ಟಿಕೊಂಡು ಗುಡ್ಡ ಹತ್ತುತ್ತಿದ್ದರು. ಕೆಳಗೆ, ಅಷ್ಟು ಮರಳಿನ ನಡುವೆ, ಬಿದಿಗೆಯ ಚಂದ್ರನಂತೆ ಬಾಗಿದ ಒಂದು ಕೊಳ. ಎಲ್ಲರೂ ನಿಂತು ನೋಡಿದೆವು. ಊಟದ ಹೊತ್ತಿಗೆ ಗದ್ದಲ. ಹೋಟೆಲಿನ ಹೊರಗೆ ಒಂದು ಪ್ರಾಣಿಯ ಚಿತ್ರ ಇತ್ತು.

“ಅಳಿಯ, ಅದು ಕುದ್ರೆನಾ?” ಎಂದ ಖಾದರ್ ಮಾಮ.

ಕೇಳಿ ಬಂದು ಹೇಳಿದೆ: “ಕತ್ತೆ ಮಾಮ. ಕತ್ತೆ ಮಾಂಸದ ಶಾವಿಗೆ. ಈ ಊರಿಗೆ ಫೇಮಸ್ಸಂತೆ.”

“ಯಾ ಅಲ್ಲಾ! ನಡೀರೋ, ನಮ್ಮಲ್ಲಿ ಕೆಲವ್ರನ್ನ ನೋಡಿ ನೆಂಟ್ರು ಬಂದ್ರು ಅನ್ಕಂಡಾರು” ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಮೇಷ್ಟ್ರು ನಗಲಿಲ್ಲ.

ಖಾದರ್ ಮಾಮನೇ ಹುಡುಕಿಕೊಂಡು ಹೋಗಿ ಹಸಿರು ಬೋರ್ಡಿನ ಒಂದು ಅಂಗಡಿ ಪತ್ತೆ ಮಾಡಿದ. ಮೇಲೆ ಅರಬ್ಬಿ ಅಕ್ಷರ, ಒಳಗೆ ಬಿಳಿ ಟೋಪಿಯ ಮುದುಕ. ಇವನು ಸಲಾಂ ಎಂದ, ಅವನು ಸಲಾಂ ಎಂದ. ಆಮೇಲೆ ಇಬ್ಬರಿಗೂ ಒಂದು ಮಾತೂ ಬರದು. ಕೈ ಹಿಡಿದುಕೊಂಡು ನಿಂತೇ ಇದ್ದರು. ತಿನ್ನುವವರಿಗೆ ಕುರಿಮಾಂಸದ ಶಾವಿಗೆ, ಉಳಿದವರಿಗೆ ಬರೀ ತರಕಾರಿ ಹಾಕಿಸಿ ಕೊಡಿಸಿದ. ಮೇಷ್ಟ್ರು ಮಾತ್ರ ಬಾಗಿಲ ಬಳಿ ಕರ್ಚೀಫು ಹಿಡಿದು ಬಿಸ್ಕತ್ತು ತಿನ್ನುತ್ತ ಬುದ್ಧನ ಕರುಣೆಯ ಬಗ್ಗೆ ಹೇಳಿದರು. ಗುಹೆಯೊಂದರಲ್ಲಿ ಮಲಗಿರುವ ದೊಡ್ಡ ಬುದ್ಧನ ವಿಗ್ರಹವಿದೆ, ಪ್ರಾಣ ಬಿಡುವ ಗಳಿಗೆಯದ್ದು, ಆದರೆ ಮುಖದಲ್ಲಿ ನಗು ಎಂದರು. ಖಾದರ್ ಮಾಮ ಚಾಪ್‌ಸ್ಟಿಕ್ಕು ಕೆಳಗಿಟ್ಟು ಕೇಳಿದ. “ಅದೊಂದನ್ನ ನಾನು ನೋಡ್ಲೇಬೇಕು ಮೇಷ್ಟ್ರೇ. ಸಾಯೋವಾಗ ನಗೋದು ಅಂದ್ರೆ ಸಾಮಾನ್ಯನಾ?”

ಮಾರನೇ ದಿನ ಗುಹೆಗಳು. ಬೀಗ ಹಾಕಿದ ಒಂದೊಂದೇ ಬಾಗಿಲು ತೆಗೆದು, ಟಾರ್ಚಿನಲ್ಲಿ ತೋರಿಸಿ, ಮತ್ತೆ ಬೀಗ ಹಾಕುವ ಪದ್ಧತಿ. ನಮ್ಮ ಗೈಡು ಒಬ್ಬಳು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಫೋಟೋ ತೆಗೆಯಬಾರದು, ಗೋಡೆಗೆ ಒರಗಬಾರದು, ಮುಟ್ಟಬಾರದು ಎಂದು ಮೊದಲೇ ಹೇಳಿದ್ದಳು. ನಾನು ಕನ್ನಡದಲ್ಲಿ ಎಲ್ಲರಿಗೂ ಹೇಳಿದ್ದೆ. ಮೊದಲ ಗುಹೆಯಲ್ಲಿ ಟಾರ್ಚಿನ ಬೆಳಕು ಒಬ್ಬ ಬೋಧಿಸತ್ವನ ಮೇಲೆ ಬಿತ್ತು. ಭುಜದಿಂದ ಇಳಿದ ವಸ್ತ್ರ ಎಷ್ಟು ತೆಳುವೆಂದರೆ ಒಳಗಿನ ಚರ್ಮ ಕಾಣುತ್ತಿತ್ತು. ಖಾದರ್ ಮಾಮನ ಕೈ ತಾನಾಗಿಯೇ ಮುಂದೆ ಹೋಯಿತು, ಹೆಬ್ಬೆರಳು ತೋರುಬೆರಳು ಉಜ್ಜುವ ಹಾಗೆ. ಗೋಡೆಗೆ ಇನ್ನೊಂದು ಮೊಳ ಇರುವಾಗಲೇ ಗೈಡು ಕೂಗಿ ತಡೆದಳು.

ಮಾಮ ಬೆಚ್ಚಿ ಕೈ ಎಳೆದುಕೊಂಡ. “ತಪ್ಪಾಯ್ತು ಕಣವ್ವ. ಬಟ್ಟೆ ಅನ್ಕಂಬುಟ್ಟೆ.” ಆಮೇಲೆ ನನ್ನ ಕಡೆ ತಿರುಗಿ ಪಿಸುಗುಟ್ಟಿದ: “ಬಣ್ಣದಲ್ಲಿ ಬರ್ದವ್ರಾ ಅದ್ನ? ಎಂಥಾ ನೂಲ್ಲಾ ಅಳಿಯ! ಬರೆದೋನು ಬೇಸಿನ್ ಮುಂದೆ ಕುಂತಿರ್ಬೇಕು, ಇಲ್ದಿದ್ರೆ ಕೈಗೆ ಇದು ಬರಾಕಿಲ್ಲ.”

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಗೈಡು ನಕ್ಕಳು. ಅಲ್ಲಿಂದಾಚೆಗೆ ಮಾಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಒಂದು ಕೈಯಿಂದ ಇನ್ನೊಂದರ ಮಣಿಕಟ್ಟನ್ನು ಹಿಡಿದುಕೊಂಡಿದ್ದ, ಎಳೆಕರುವನ್ನು ಹಗ್ಗದಲ್ಲಿ ಹಿಡಿದ ಹಾಗೆ.

ಮೂರನೇ ಗುಹೆಯಲ್ಲಿ ಗೋಡೆಯ ನಡುವೆ ಚೌಕಾಕಾರದ ಖಾಲಿ ಜಾಗಗಳಿದ್ದವು. ಹಿಂದೆ ಹೊರದೇಶದವರು ಬಂದು ಚಿತ್ರಗಳನ್ನು ಕಿತ್ತುಕೊಂಡು ಹೋದ ಗುರುತು ಎಂದಳು ಗೈಡು. ಮೇಷ್ಟ್ರು ಕೆಂಪಗಾದರು. “ಕಳ್ಳರು!” ಎಂದು ಇಂಗ್ಲಿಷಿನಲ್ಲಿ ಗರ್ಜಿಸಿದರು. “ಕೋಟು ತೊಟ್ಟ ಕಳ್ಳರು!” ಗುಹೆಯಲ್ಲಿ ಪ್ರತಿಧ್ವನಿಯಾಯಿತು. ನನಗೆ ಅವರ ಮೇಲೆ ಹಳೆಯ ಅಭಿಮಾನ ಉಕ್ಕಿತು.

ನಾಲ್ಕನೆಯದು ಚಿಕ್ಕ ಗುಹೆ. ಗೈಡು ಟಾರ್ಚನ್ನು ಛಾವಣಿಗೆ ಹಿಡಿದಿದ್ದಳು, ಎಲ್ಲರ ಮುಖ ಮೇಲಕ್ಕೆ. ನಾನು ಮತ್ತು ಮೇಷ್ಟ್ರು ಹಿಂದಿದ್ದೆವು. ಅವರು ಬೂಟಿನ ಲೇಸು ಕಟ್ಟುವ ಹಾಗೆ ಬಗ್ಗಿದರು. ಆ ಬೂಟಿಗೆ ಲೇಸು ಇರಲಿಲ್ಲ. ಗೋಡೆಯ ಕೆಳಗಡೆ, ಗಾರೆ ಉಬ್ಬಿ ಬಿರುಕು ಬಿಟ್ಟ ಜಾಗದಲ್ಲಿ ಹೆಬ್ಬೆರಳ ಉಗುರು ತೂರಿಸಿದರು. ಟಕ್ ಎಂದಿತು. ಹುಣಸೆಬೀಜದಷ್ಟು ಚಕ್ಕೆ. ಕರ್ಚೀಫಿಗೆ ಹೋಯಿತು, ನಾಲ್ಕು ಮಡಿಕೆ ಬಿತ್ತು, ಜೇಬು ಸೇರಿತು. ಎದ್ದು ನಿಂತಾಗ ನನ್ನ ಕಣ್ಣಿಗೆ ಅವರ ಕಣ್ಣು ಸಿಕ್ಕಿತು. ಒಂದಿಷ್ಟೂ ಅಳುಕಲಿಲ್ಲ. ಹುಬ್ಬು ಮೇಲೆತ್ತಿದರು, ಕ್ಲಾಸಿನಲ್ಲಿ ಸುಮ್ಮನಿರು ಎನ್ನುವಾಗ ಎತ್ತುತ್ತಿದ್ದ ಹಾಗೆಯೇ.

ಸದ್ದು ಗೈಡಿಗೂ ಕೇಳಿಸಿತ್ತು. ಟಾರ್ಚು ಕೆಳಗೆ ಬಂತು. ಆಗಷ್ಟೇ ಸುಲಿದ ಹಾಗೆ ಬೆಳ್ಳಗೆ ಕಾಣಿಸಿತು ಗೋಡೆ. ಆ ಹೆಣ್ಣುಮಗಳ ಮುಖ ನೋಡಬೇಕಿತ್ತು. ಅಳುವುದೊಂದೇ ಬಾಕಿ. ವಾಕಿಟಾಕಿಯಲ್ಲಿ ಮಾತಾಡಿದಳು. ನಮ್ಮನ್ನು ಹೊರಗೆ ಅಂಗಳಕ್ಕೆ ತಂದು ನಿಲ್ಲಿಸಿದರು. ಇಬ್ಬರು ಕಾವಲಿನವರು ಬಂದರು. ಯಾರು ಎಂದು ಕೇಳಿದರು.

ಮೇಷ್ಟ್ರು ಮುಂದೆ ಬಂದರು. ನನಗೆ ಒಂದು ಕ್ಷಣ, ಒಪ್ಪಿಕೊಳ್ಳುತ್ತಾರೆ ಅನ್ನಿಸಿತು. ಅಷ್ಟು ದಡ್ಡ ನಾನು.

“ದಯವಿಟ್ಟು ಕ್ಷಮಿಸಿ” ಎಂದರು ಇಂಗ್ಲಿಷಿನಲ್ಲಿ. ಅದೇ ಸೊಗಸಾದ ಇಂಗ್ಲಿಷು, ನನ್ನನ್ನು ಹೊಸ್ತಿಲ ಹೊರಗೆ ನಿಲ್ಲಿಸಿ ಕಲಿಸಿದ್ದು. “ಇಗೋ, ಈ ಮನುಷ್ಯ. ಓದು ಬರಹ ಇಲ್ಲದವನು, ರೇಷ್ಮೆಯ ಕೂಲಿ. ಏನು ಕಂಡರೂ ಮುಟ್ಟುವುದು ಇಂಥವರ ಚಾಳಿ. ನೀವೇ ಒಮ್ಮೆ ತಡೆದಿರಲ್ಲ. ತಿಳಿಯದೆ ಮಾಡಿದ್ದಾನೆ, ಬಿಟ್ಟುಬಿಡಿ.” ಕೈ ತೋರಿಸಿದ್ದು ಖಾದರ್ ಮಾಮನ ಕಡೆ.

ಗೈಡು ಮಾಮನ ಕಡೆ ನೋಡಿದಳು. ಅವಳು ಒಮ್ಮೆ ತಡೆದಿದ್ದೂ ನಿಜವೇ. ಕಾವಲಿನವನು ಕೈ ತೋರಿಸುವಂತೆ ಸನ್ನೆ ಮಾಡಿದ. ಮಾಮ ಬೆನ್ನ ಹಿಂದಿನಿಂದ ಎರಡೂ ಕೈ ತೆಗೆದು ಚಾಚಿದ. ಬೆರಳ ತುದಿಗಳೆಲ್ಲ ಬಿಳಿ. ಗಾರೆಯ ಪುಡಿ ಹತ್ತಿದ ಹಾಗೆಯೇ ಇತ್ತು. ಇಬ್ಬರೂ ಮುಖ ಮುಖ ನೋಡಿಕೊಂಡರು.

ನಮ್ಮ ಗುಂಪಿನಲ್ಲಿ ಅಷ್ಟು ಇಂಗ್ಲಿಷು ತಿಳಿಯುತ್ತಿದ್ದದ್ದು ಇಬ್ಬರಿಗೆ. ಒಬ್ಬರು ಮೇಷ್ಟ್ರು. ಇನ್ನೊಬ್ಬ ನಾನು.

“ಏನಂತಾರ್ಲಾ?” ಎಂದ ಮಾಮ. “ನನ್ ಕೈ ಯಾಕ್ ನೋಡ್ತಾವ್ರೆ? ಐವತ್ ವರ್ಷ ಬಿಸ್ನೀರಲ್ಲಿ ಬೆಂದಿರೋ ಕೈ ಅಂತ ಯೋಳು. ಒಸಿ ದೊಡ್ಡದಾಗೇ ಯೋಳು.” ಮುಖದಲ್ಲಿ ಹೆಮ್ಮೆ ಇತ್ತು. ಕಸುಬನ್ನು ಮೆಚ್ಚಿ ಕೇಳುತ್ತಿದ್ದಾರೆ ಎಂದುಕೊಂಡಿದ್ದ.

ನಾನು ಮೇಷ್ಟ್ರನ್ನು ನೋಡಿದೆ. ಹುಬ್ಬು ಮತ್ತೆ ಮೇಲೆ ಹೋಗಿತ್ತು. ನಲವತ್ತು ವರ್ಷದ ಸರ್ಕಾರಿ ನೌಕರಿ, ಬಿ.ಎ. ಪದವಿ, ನಮ್ಮ ವಂಶದ ಮೊದಲನೆಯವನು ಎಂಬ ಜಂಬ, ಎಲ್ಲವೂ ಸೇರಿ ನನ್ನ ಬಾಯಿಂದ ಹೊರಡಿಸಿದ್ದು ಇಷ್ಟು:

“ಏನಿಲ್ಲ ಮಾಮ. ಹೆಸರು ಬರ್ಕೋತಾರಂತೆ.”

ಒಂದು ಹಾಳೆಯ ಮೇಲೆ ಗೈಡು ಇಂಗ್ಲಿಷಿನಲ್ಲಿ ಎರಡು ಸಾಲು ಬರೆದಳು. ಮಾಮ ಅದರ ಕೆಳಗೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಸಹಿ ಹಾಕಿದ. ಚಕ್ಕೆ ಒಡೆದು ಪುಡಿಯಾಗಿರಬೇಕು ಎಂದುಕೊಂಡು ಅವರು ಮುಂದೆ ಹುಡುಕಲಿಲ್ಲ. ಮಾಮನನ್ನು ಹೊರಗೆ ಮರದ ಕೆಳಗೆ ಕೂರಿಸಿ, ನಮ್ಮನ್ನು ಉಳಿದ ಗುಹೆಗಳಿಗೆ ಕರೆದುಕೊಂಡು ಹೋದರು. ಮಲಗಿದ ಬುದ್ಧನನ್ನು ನಾನು ನೋಡಿದೆ. ಏನನ್ನೂ ಕಾಣಲಿಲ್ಲ.

ಹೊರಗೆ ಬಂದಾಗ ಮಾಮ ಅಲ್ಲೇ ಕೂತಿದ್ದ.

“ನೋಡಿದ್ಯಾ? ನಗ್ತಿದ್ನಾ?”

“ನಗ್ತಿದ್ದ ಮಾಮ.”

“ನನ್ನ ಯಾಕ್ಲಾ ಬುಡ್ಲಿಲ್ಲ?”

“ವಯಸ್ಸಾದೋರಿಗೆ ಒಳಗೆ ಗಾಳಿ ಸಾಲಲ್ವಂತೆ.”

ಮಾಮ ಮೇಷ್ಟ್ರ ಕಡೆ ನೋಡಿ ಹೇಳಿದ: “ಮೇಷ್ಟ್ರು ನನ್‌ಗಿಂತ ದೊಡ್ಡೋರಲ್ವಾ?”

ಆ ಸಂಜೆ ಮೇಷ್ಟ್ರು ನನ್ನನ್ನು ರೂಮಿಗೆ ಕರೆದರು. ಹೊಸ್ತಿಲ ಒಳಕ್ಕೇ ಕರೆದರು. ಕರ್ಚೀಫು ಬಿಚ್ಚಿ ದೀಪದ ಕೆಳಗೆ ಹಿಡಿದರು. ಚಕ್ಕೆಯ ಮೇಲೆ ಒಂದಿಷ್ಟು ನೀಲಿ.

“ಸಾವಿರ ವರ್ಷ ದಾಟಿದ ನೀಲಿ. ನೋಡು. ಮುಟ್ಟಬೇಡ” ಎಂದರು.

“ಖಾದರ್ ಮಾಮನ ಮೇಲೆ ಯಾಕೆ ಹಾಕಿದ್ರಿ ಸಾರ್?”

“ಅವನಿಗೇನಯ್ಯ? ಅವನಿಗೆ ಇದರಿಂದ ಹೋಗುವಂಥದ್ದು ಏನಿದೆ? ನನಗೆ ಮರ್ಯಾದೆ ಇದೆ.” ಸೆಂಟಿನ ವಾಸನೆ ಘಮ್ಮೆಂದಿತು. ನಾನು ಕೈಯಿಂದ ಮೂಗು ಮುಚ್ಚಿಕೊಂಡೆ. ಬೆಂದ ಹುಳುವಿನ ರಾಶಿಯ ಪಕ್ಕ ಕೂತು ಅನ್ನ ಉಂಡವನು ನಾನು. ಯಾವತ್ತೂ ಮೂಗು ಮುಚ್ಚಿದವನಲ್ಲ.

ಅಷ್ಟಕ್ಕೇ ನಿಂತಿದ್ದರೆ ಅವರನ್ನು ಅಂಜುಬುರುಕ ಎಂದು ಬಿಡಬಹುದಿತ್ತು. ಊರಿಗೆ ಬಂದ ಮೇಲೆ ಅದನ್ನೊಂದು ಹಾಸ್ಯದ ಪ್ರಸಂಗ ಮಾಡಿಕೊಂಡರು. ಕನಕಪುರದಲ್ಲಿ ಭಾಷಣ, ಮಾಗಡಿಯಲ್ಲಿ ಭಾಷಣ, ಸೋಲೂರಿನ ಶಾಲೆಯಲ್ಲಿ ಭಾಷಣ. ಎಲ್ಲ ಕಡೆ ಇದೇ. “ನಮ್ಮ ಊರಿನ ಒಬ್ಬ ರೀಲರ್ ಸಾಹೇಬರು ಬುದ್ಧನ ಗೋಡೆಯನ್ನೇ ಗೂಡು ಎಂದುಕೊಂಡು ಕಿತ್ತುಬಿಟ್ಟರು” ಎನ್ನುವುದು, ಜನ ನಗುವುದು. ಸುದ್ದಿ ಮಾರುಕಟ್ಟೆಗೆ ಬಂತು. ಖಾದರ್ ಮಾಮನಿಗೆ ಗೋಡೆ ಸಾಬ್ರು ಎಂದು ಹೆಸರು ಬಿತ್ತು. ಗೋಡೆ ಸಾಬ್ರೇ, ನಮ್ಮನೆ ಗೋಡೆನೂ ಒಸಿ ನೋಡ್ಬನ್ನಿ ಎಂದು ಹಿಂದಿನಿಂದ ಕೂಗುವವರಾದರು. ತಾನು ಬಟ್ಟೆ ಎಂದುಕೊಂಡು ಕೈ ಚಾಚಿದ್ದನ್ನೇ ದೊಡ್ಡದು ಮಾಡಿದ ತಮಾಷೆಯೆಂದು ಅವನೂ ನಕ್ಕ. ಆದರೆ ನಿಧಾನಕ್ಕೆ ನೂಲಿನ ಜಗಳಗಳು ಅವನ ಬಳಿ ಬರುವುದು ನಿಂತಿತು. ಕೈ ಸರಿಯಿಲ್ಲದವನ ಮಾತು ಯಾಕೆ ಎಂದರಂತೆ ಯಾರೋ. ಒಂದು ದಿನ ಮಾರುಕಟ್ಟೆಯಲ್ಲಿ ಇಬ್ಬರು ಕಿತ್ತಾಡುವಾಗ ಮಾಮ ರೂಢಿಯಂತೆ ಎಳೆಗೆ ಕೈ ಚಾಚಿದ. ಮಾರುವ ಆಸಾಮಿ ನೂಲಿನ ಲಡಿಯನ್ನು ಹಿಂದಕ್ಕೆ ಎಳೆದುಕೊಂಡ. ನಾನು ಅಲ್ಲೇ ಇದ್ದೆ. ಮಾಮ ಚಾಚಿದ ಕೈಯನ್ನು ತಲೆ ಕೆರೆದುಕೊಳ್ಳುವವನಂತೆ ಮೇಲಕ್ಕೆ ಒಯ್ದ.

ಆರು ವರ್ಷ ಹೀಗೆ ಹೋಯಿತು. ನಾನು ಆರು ವರ್ಷವೂ ಸುಮ್ಮನಿದ್ದೆ.

ಶ್ರದ್ಧಾಂಜಲಿ ಸಭೆಗೆ ಖಾದರ್ ಮಾಮನೂ ಬಂದಿದ್ದ. ದೊಡ್ಡೋರು, ಜೊತೆಗೆ ಪ್ರಯಾಣ ಮಾಡಿದ್ದೆವು ಎಂದು ಬಂದಿದ್ದ. ವೇದಿಕೆಯ ಪಕ್ಕ ಮೇಜಿನ ಮೇಲೆ ಮೇಷ್ಟ್ರ ಕನ್ನಡಕ, ಪೆನ್ನು, ಪುಸ್ತಕ. ನಡುವೆ ಗಾಜಿನ ಮುಚ್ಚಳದ ಪುಟ್ಟ ಡಬ್ಬಿ, ಒಳಗೆ ಹತ್ತಿಯ ಮೇಲೆ ಆ ಚಕ್ಕೆ. ಮನೆಯವರು ಚೀಟಿ ಅಂಟಿಸಿದ್ದರು: ‘ಡುನ್‌ಹುವಾಂಗ್ ಗುಹೆಯಿಂದ ಮೇಷ್ಟ್ರು ತಂದದ್ದು.’ ಜನ ಸಾಲಾಗಿ ಬಂದು ನೋಡಿ ಕೈಮುಗಿದು ಹೋಗುತ್ತಿದ್ದರು. ರಾಮಲಿಂಗ ಮೈಕಿನ ಮುಂದೆ ನಿಂತು, ಮೇಷ್ಟ್ರ ಹಾಸ್ಯಪ್ರಜ್ಞೆಗೆ ಉದಾಹರಣೆ ಎಂದು ಗೋಡೆ ಕಿತ್ತ ಸಾಹೇಬರ ಕಥೆ ಹೇಳಿದ. ಸಭೆ ನಕ್ಕಿತು. ಡಬ್ಬಿ ಅವನಿಂದ ಮೂರು ಮಾರು ದೂರದಲ್ಲಿತ್ತು. ಒಬ್ಬರಿಗೂ ಎರಡನ್ನೂ ಕೂಡಿಸಿ ನೋಡುವುದು ಹೊಳೆಯಲಿಲ್ಲ. ಮೂರನೇ ಸಾಲಿನಲ್ಲಿ ಖಾದರ್ ಮಾಮನೂ ಹಲ್ಲು ಬಿಟ್ಟು ನಗುತ್ತಿದ್ದ.

ನಾನು ಎದ್ದು ಹೋಗಿ ಆ ಡಬ್ಬಿಯನ್ನು ಎತ್ತಿಕೊಂಡೆ. ಮೈಕು ಕಿತ್ತುಕೊಂಡೆ ಎಂದರೂ ತಪ್ಪಿಲ್ಲ.

“ಖಾದರ್ ಸಾಬ್ರು ಕಿತ್ತಿದ್ರೆ ಇದು ಇವರ ಮನೆಗೆ ಹೇಗೆ ಬಂತು?” ಎಂದೆ. “ಕಿತ್ತೋರು ಮೇಷ್ಟ್ರು. ನಾನು ಪಕ್ಕದಲ್ಲಿದ್ದೆ.”

ನಗು ನಿಂತಿತು. ರಾಮಲಿಂಗ ನನ್ನ ತೋಳು ಹಿಡಿದು ಎಳೆದ: “ಏ, ಸತ್ತೋರ ಮುಂದೆ ಇದೇನ್ಲಾ? ಕೂತ್ಕೊಳ್ಳೋ!” ಯಾರೋ ಹಿಂದಿನಿಂದ ಅನ್ನ ಕೊಟ್ಟ ಗುರು ಎಂದು ಕೂಗಿದರು. ನಾನು ನೋಡುತ್ತಿದ್ದದ್ದು ಮೂರನೇ ಸಾಲನ್ನು. ಮಾಮನ ಮುಖದಲ್ಲಿ ಸಂತೋಷ ಬರುತ್ತದೆ ಎಂದು ಕಾದೆ. ಬರಲಿಲ್ಲ. ಅವನು ಎದ್ದು, ಚಪ್ಪಲಿ ಮೆಟ್ಟಿಕೊಂಡು, ಹೊರಟುಹೋದ.

ಮಾರನೇ ಬೆಳಿಗ್ಗೆ ಅವನ ಘಟಕಕ್ಕೆ ಹೋದೆ. ಬೇಸಿನ್ ಮುಂದೆ ಒಂದು ಸ್ಟೂಲಿನ ಮೇಲೆ ಕೂತಿದ್ದ. ಕೂರು ಎನ್ನಲಿಲ್ಲ.

“ಅವತ್ತೇ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು ಮಾಮ.”

“ಆ ಕಾಗದ್ದಲ್ಲಿ ಏನ್ ಬರ್ದಿತ್ತು?”

“ಗೋಡೆ ಹಾಳು ಮಾಡಿದ್ದು ನಾನೇ, ಕ್ಷಮಿಸಿ ಅಂತ.”

ಮಾಮ ಕುದಿಯುವ ನೀರನ್ನೇ ನೋಡುತ್ತಿದ್ದ. ಆವಿಯಲ್ಲಿ ಅವನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ.

“ಮೇಷ್ಟ್ರದ್ದು ಬುಡು. ಅವ್ರು ನಂಗೇನಾಗ್ಬೇಕು? ನೀನು ನಮ್ಮಕ್ಕನ ಮಗ. ಏನಂತಾರ್ಲಾ ಅಂತ ನಿನ್ನನ್ನ ಕೇಳ್ದೆ ನಾನು. ಬೇರೆ ಯಾರ್ನೂ ಕೇಳ್ಲಿಲ್ಲ.”

ಕ್ಷಮಿಸು ಎನ್ನುವ ಹಾಗೂ ಇರಲಿಲ್ಲ, ಆ ಪದವನ್ನು ಅವನ ಹೆಸರಿನಲ್ಲಿ ಒಮ್ಮೆ ಬರೆಸಿಕೊಂಡಾಗಿತ್ತಲ್ಲ. ಅವನೇ ಮೊಮ್ಮಗಳನ್ನು ಕೂಗಿ ಒಂದು ನೋಟ್‌ಬುಕ್ಕು ಪೆನ್ನು ತರಿಸಿದ. ನನ್ನ ಮುಂದೆ ಎಸೆದ.

“ಅವ್ರಿಗೆ ಕಾಗ್ದ ಬರಿ. ಆ ಗವಿಯೋರಿಗೆ. ಇಂಗ್ಲಿಷಲ್ಲೇ ಬರಿ. ಡಬ್ಬಿನೂ ಅದರ ಜೊತೆ ವಾಪಸ್ ಹೋಗ್ಬೇಕು, ಮೇಷ್ಟ್ರ ಮನೆಯೋರಿಗೆ ಯೋಳಿ ಇಸ್ಕೊ.”

“ಆಗ್ಲಿ ಮಾಮ. ಯೋಳು, ಬರೀತೀನಿ.”

“ನಾನು ಕೈ ಚಾಚಿದ್ದು ನಿಜ. ಬಟ್ಟೆ ಅನ್ಕಂಡು. ಮುಟ್ಟಿಲ್ಲ. ಕಿತ್ತಿಲ್ಲ. ಅಷ್ಟು ಬರಿ.”

ಬರೆದೆ. “ಕಿತ್ತಿದ್ದು ಯಾರು ಅಂತ ಬರೀಲಾ?”

“ಬರಿ” ಎಂದ. ಪೆನ್ನು ಆ ಸಾಲು ಮುಗಿಸುವವರೆಗೂ ನನ್ನ ಕೈಯನ್ನೇ ನೋಡುತ್ತಿದ್ದು, ಆಮೇಲೆ ಹೇಳಿದ:

“ಪಕ್ಕದಲ್ಲಿ ನೋಡ್ಕಂಡು ನಿಂತಿದ್ದೋನು ಯಾರು ಅಂತಾನೂ ಬರಿ. ಪೂರ್ತಿ ಹೆಸರು ಬರಿ. ಬಿ.ಎ. ಅಂತ ಸೇರಿಸಿ ಬರಿ.”

ಬರೆದೆ.